ತಾಳ ಹಾಕುವ ಕೈ ಒಂದೇ

ವೃದ್ಧ ಗಮಕಿಯೊಬ್ಬರ ಕುಮಾರವ್ಯಾಸ ಭಾರತ ವಾಚನವನ್ನು ಕೆಲವು ವರ್ಷಗಳ ಹಿಂದೆ ನಾವು ಧ್ವನಿಮುದ್ರಿಸಿಕೊಂಡೆವು. ಆಮೇಲೆ ಕೇಳಿದರೆ, ಎರಡು ಸೆಕೆಂಡಿಗೊಮ್ಮೆ ‘ಟಿಕ್’ ಎಂಬ ಸದ್ದು! ದೋಷ ಕಂಠದ್ದಲ್ಲ, ಗಡಿಯಾರದ್ದು.

ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿಯಾಗಿಸುವ ಯಂತ್ರ ಒಂದು. ಆ ಅಂಕಿಗಳನ್ನು ಬರೆದಿಡುವ ಯಂತ್ರ ಇನ್ನೊಂದು. ಎರಡಕ್ಕೂ ಹೊತ್ತು ಸೂಚಿಸುವುದು ಒಳಗಿನ ಸ್ಫಟಿಕದ ಹರಳು. ಯಾವ ಎರಡು ಹರಳುಗಳೂ ಸರಿಸಮನಾಗಿ ಮಿಡಿಯವು. ಹತ್ತು ಲಕ್ಷಕ್ಕೆ ಹತ್ತರಷ್ಟು ವ್ಯತ್ಯಾಸವಿದ್ದರೂ, ಎರಡು ಸೆಕೆಂಡಿಗೆ ಸುಮಾರು ಒಂದು ಅಂಕಿ ಕಳೆದುಹೋಗುತ್ತದೆ, ಇಲ್ಲವೆ ಮರುಕಳಿಸುತ್ತದೆ. ಆ ‘ಟಿಕ್’ ಅದೇ.

ಪರಿಹಾರ ಸರಳ. ಒಂದು ಯಂತ್ರ ಯಜಮಾನನಾಗಬೇಕು. ಉಳಿದವು ತಮ್ಮ ಹರಳಿನ ಎಣಿಕೆಯನ್ನು ಬಿಟ್ಟು, ‘ವರ್ಡ್ ಕ್ಲಾಕ್’ ಎಂಬ ಅದರ ಮಿಡಿತವನ್ನು ಕೇಬಲ್ಲಿನ ಮೂಲಕ ಪಡೆದು ಅನುಸರಿಸಬೇಕು. ದೊಡ್ಡ ಸ್ಟುಡಿಯೋಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಗಡಿಯಾರವುಂಟು. ಕಚೇರಿಯಲ್ಲಿ ಹಾಡುವವರು, ನುಡಿಸುವವರು ಹಲವರಿದ್ದರೂ ಎಲ್ಲರೂ ನೋಡುವುದು ತಾಳ ಹಾಕುವ ಒಂದೇ ಕೈಯನ್ನಲ್ಲವೆ? ಅಂದು ನಮ್ಮ ಯಂತ್ರಗಳೆರಡೂ ತಂತಮ್ಮ ತಾಳವನ್ನೇ ಹಾಕುತ್ತಿದ್ದವು.

ತಂತ್ರಜ್ಞರು ಎರಡನೆಯ ಯಂತ್ರವನ್ನು ಮೊದಲನೆಯದಕ್ಕೆ ಒಪ್ಪಿಸಿದೊಡನೆ ಸದ್ದು ನಿಂತಿತು. ಆದರೆ ಅಷ್ಟು ಹೊತ್ತಿಗೆ, ಮತ್ತೊಮ್ಮೆ ವಾಚಿಸಲು ಗಮಕಿಗಳೇ ಉಳಿದಿರಲಿಲ್ಲ. ಅಂದಿನಿಂದ ನಾನು ಮೈಕಿನ ಮುಂದೆ ಕೂರುವ ಮೊದಲು ಕೇಳುವುದು ಒಂದೇ ಮಾತು: ‘ಇಲ್ಲಿ ತಾಳ ಯಾರದು?’