ವಾಸನೆಗಿಂತ ಮೊದಲೇ ಮನಸ್ಸು ಹೇಳುತ್ತದೆ

ಹದಿನಾರರ ಮಗ ತಡವಾಗಿ ಮನೆಗೆ ಬಂದರೆ ಹತ್ತಿರ ಕರೆದು ಬಾಯಿ ಮೂಸಿ ನೋಡುವ ತಾಯಂದಿರಿದ್ದಾರೆ. ಆದರೆ ಸೋಂಪು ಜಗಿದು, ಪೆಪ್ಪರಮೆಂಟು ಚೀಪಿ ಬಂದವನ ಬಾಯಲ್ಲಿ ಏನು ತಿಳಿದೀತು? ಮುಚ್ಚಲಾಗದ್ದು ಮನಸ್ಸಿನ ಬದಲಾವಣೆ. ಸೋದರಿಯರೇ, ಇವನ್ನು ಗಮನಿಸಿ:

* ಸಾರಿಗೆ ಉಪ್ಪು ಕಡಿಮೆ ಅಂತ ತಟ್ಟೆ ತಳ್ಳುವಷ್ಟು ಸಿಡುಕು. ರಾತ್ರಿ ಅತಿ ಅಕ್ಕರೆ, ಬೆಳಿಗ್ಗೆ ಮಾತಾಡಿಸಿದರೆ ಮೈಮೇಲೆ ಬರುವುದು.
* ಹಳೆಯ ಗೆಳೆಯರನ್ನು ಬಿಟ್ಟು, ಮನೆಗೆ ಕರೆತರದ ಹೊಸಬರ ಸಹವಾಸ.
* ಪ್ರಾಣವಾಗಿದ್ದ ಕ್ರಿಕೆಟ್ಟೂ ಬೇಡವಾಗುವುದು.
* ಸಣ್ಣ ಪ್ರಶ್ನೆಗೂ ಸುಳ್ಳು. ಸಾಸಿವೆ ಡಬ್ಬಿಯ ಚಿಲ್ಲರೆ ಕರಗುವುದು.
* ಕಾರಣವಿಲ್ಲದ ಅಳು, "ನನ್ನ ಕೈಲಿ ಏನೂ ಆಗಲ್ಲ" ಎಂಬ ಮಾತು.

ಹೆಣ್ಣುಮಕ್ಕಳೂ ಇದಕ್ಕೆ ಹೊರತಲ್ಲ.

ಕುಡಿತ ಮೊದಲು ಮನಸ್ಸು ಹಗುರ ಮಾಡಿದಂತೆ ಕಂಡರೂ, ಅದು ಮೆದುಳನ್ನು ಮಂಕಾಗಿಸುವ ವಸ್ತು. ಅಮಲು ಇಳಿದ ಮೇಲೆ ಬೇಸರ, ಕಳವಳ ಹೆಚ್ಚುತ್ತವೆ. ಮೆದುಳು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಆತುರಕ್ಕೆ ಕಡಿವಾಣ ಹಾಕುವ ಭಾಗ ಬಲಿಯುವುದು ಕೊನೆಗೆ.

2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು, ನಿಜ. ಆದರೆ 90 ಮಿ.ಲೀ. ಮದ್ಯದ ಪೊಟ್ಟಣ ಪುಸ್ತಕದ ಚೀಲದಲ್ಲಿ ಸುಲಭವಾಗಿ ಅಡಗುತ್ತದೆ. 18 ತುಂಬದವರಿಗೆ ಮದ್ಯ ಕೊಟ್ಟವರಿಗೆ 2015ರ ಬಾಲ ನ್ಯಾಯ ಕಾಯ್ದೆಯಡಿ 7 ವರ್ಷದವರೆಗೆ ಸೆರೆಮನೆ ಉಂಟು.

ಹಾಗಂತ ಒಂದು ದಿನದ ಸಿಡುಕಿಗೆ ಕುಡುಕ ಅನ್ನಬೇಡಿ. ಪರೀಕ್ಷೆಯ ಭಯ, ಖಿನ್ನತೆ ಕೂಡ ಹೀಗೇ ಕಾಣುತ್ತವೆ. ನಾಲ್ಕಾರು ಲಕ್ಷಣ ಒಟ್ಟಿಗೆ ಬಂದು ಎರಡು ವಾರವಾದರೂ ಹೋಗದಿದ್ದರೆ, ಕಾರಣ ಯಾವುದೇ ಇರಲಿ, ಅವನಿಗೆ ನೆರವು ಬೇಕು.

ಅಮಲಿನಲ್ಲಿದ್ದಾಗ ವಾದ ಬೇಡ. ಅಜ್ಜಿ, ಅತ್ತೆಯರ ಮುಂದೆ ವಿಚಾರಣೆಯೂ ಬೇಡ. ಮರುದಿನ ಅವರೆಕಾಯಿ ಬಿಡಿಸುತ್ತ ಪಕ್ಕಕ್ಕೆ ಕೂರಿಸಿಕೊಂಡು, "ಯಾಕೋ ಮಗಾ, ನೀನು ಮೊದಲಿನ ಹಾಗಿಲ್ಲ. ಏನು ಸಂಕಟ?" ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ, ಅವನೇ ಮಾತಾಡಲಿ. ಯಜಮಾನರಿಗೆ ಅಭ್ಯಾಸವಿದ್ದರೆ, ಬಾಟಲಿ ತರಲು ಮಗನನ್ನು ಕಳಿಸುವುದು ಇಂದೇ ನಿಲ್ಲಲಿ.

"ಮರ್ಯಾದೆ ಹೋದೀತು" ಎಂದು ಮುಚ್ಚಿಡುವುದರಿಂದ ರೋಗ ಬಲಿಯುತ್ತದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ. ಕುಡಿದು ಎಚ್ಚರ ತಪ್ಪಿದರೆ ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ. ಮಜ್ಜಿಗೆ, ನಿಂಬೆರಸ ಕುಡಿಸಲು ಹೋಗಬೇಡಿ.

ಬೈಗುಳಕ್ಕೆ ಹೆದರುವ ಮಗು ಇನ್ನಷ್ಟು ಬಚ್ಚಿಡುತ್ತದೆ. "ಅಮ್ಮನ ಹತ್ರ ಹೇಳಬಹುದು" ಎಂಬ ಧೈರ್ಯ ಅದಕ್ಕಿರಲಿ.