ಪಾಯಿಂಟ್ ಟೂಟೂ ಕೋವಿಗೆ ಎಷ್ಟುದ್ದದ ನಳಿಗೆ?

ಎನ್‌ಸಿಸಿ ಕೆಡೆಟ್‌ಗಳು ಗುರಿ ಕಲಿಯುವ ರೈಫಲ್, ಕೊಡಗಿನಲ್ಲಿ ಕೈಲ್ ಪೊಳ್ದ್ ಹೊತ್ತಿಗೆ ತೆಂಗಿನಕಾಯಿಗೆ ಹಿಡಿಯುವ ಕೋವಿಗಳಲ್ಲೊಂದು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ಸ್ಪರ್ಧೆಯಲ್ಲಿ ಸ್ವಪ್ನಿಲ್ ಕುಸಾಳೆಗೆ ಕಂಚು ತಂದ ರೈಫಲ್. ಈ ಮೂರಕ್ಕೂ ತುಂಬುವ ತೋಟಾ ಒಂದೇ ಬಗೆಯದು: ಬಾಯಿಮಾತಿನಲ್ಲಿ ‘ಪಾಯಿಂಟ್ ಟೂಟೂ’, ಪೂರ್ತಿ ಹೆಸರು .22 ಲಾಂಗ್ ರೈಫಲ್. ಅಮೆರಿಕದಲ್ಲಿ 1887ರಲ್ಲಿ ಬಂದ ಈ ತೋಟಾದ ಅಳತೆ ಅಂದಿನಿಂದ ಹಾಗೇ ಇದೆ. ಆದರೆ ಅದನ್ನು ಹಾರಿಸುವ ರೈಫಲ್‌ಗಳ ನಳಿಗೆ ಮಾತ್ರ 16 ಇಂಚಿನಿಂದ 27 ಇಂಚಿನವರೆಗೆ ಎಷ್ಟಾದರೂ ಇರಬಹುದು. ಕೊಳ್ಳಲು ಹೋದವರಿಗೆ ಯಾವುದು ಸರಿ?

ನಳಿಗೆ ಉದ್ದವಾದಷ್ಟೂ ಗುಂಡಿಗೆ ವೇಗ ಹೆಚ್ಚು, ಗುರಿಯೂ ನಿಖರ ಎಂಬ ನಂಬಿಕೆ ಹಳೆಯದು. ದೊಡ್ಡ ರೈಫಲ್‌ಗಳ ಮಟ್ಟಿಗೆ ವೇಗದ ಮಾತು ನಿಜ. ಸೈನಿಕರ 7.62 ಮಿ.ಮೀ. ತೋಟಾದಲ್ಲಿ ಸುಮಾರು 3 ಗ್ರಾಂ ಮದ್ದಿರುತ್ತದೆ. ಅದು ಉರಿದು ಎದ್ದ ಅನಿಲ ಎರಡಡಿ ನಳಿಗೆಯ ತುದಿಯಲ್ಲೂ ಗುಂಡನ್ನು ತಳ್ಳುತ್ತಲೇ ಇರುತ್ತದೆ. ಟೂಟೂ ತೋಟಾದ ಕಥೆ ಬೇರೆ. ಇದರಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕ ಇರುವುದು ತಳದ ಮಡಿಸಿದ ಅಂಚಿನೊಳಗೆ. ರಿಮ್‌ಫೈರ್ ಎನ್ನುವುದು ಅದಕ್ಕೇ. ಸೂಜಿ ಬಡಿದಾಗ ಜಜ್ಜಿಹೋಗುವಷ್ಟು ಆ ಅಂಚು ತೆಳುವಾಗಿರಬೇಕು. ತೆಳುವಾದ ತೋಟಾ ಹೆಚ್ಚು ಒತ್ತಡ ತಾಳದು. ಹೀಗಾಗಿ ಒಳಗಿನ ಮದ್ದು ಒಂದು ಗ್ರಾಮಿನ ಹತ್ತನೇ ಒಂದು ಭಾಗದ ಆಸುಪಾಸು, ಗುಂಡಿನ ತೂಕ 2.6 ಗ್ರಾಂ.

ಅಷ್ಟು ಚಿಟಿಕೆ ಮದ್ದು ನಳಿಗೆಯ ಮೊದಲ ಕೆಲವು ಇಂಚುಗಳಲ್ಲೇ ಉರಿದು ಮುಗಿಯುತ್ತದೆ. ಆಮೇಲೆ ಹೊಸ ಅನಿಲ ಹುಟ್ಟುವುದಿಲ್ಲ. ಇದ್ದದ್ದೇ ಹಿಗ್ಗುತ್ತ, ತಣಿಯುತ್ತ, ಒತ್ತಡ ಕಳೆದುಕೊಳ್ಳುತ್ತ ಹೋಗುತ್ತದೆ. ಇತ್ತ ಸೀಸದ ಗುಂಡು ನಳಿಗೆಯ ಗೋಡೆಗೆ ಉಜ್ಜುವುದು ನಿಲ್ಲುವುದಿಲ್ಲ. ತಳ್ಳುವ ಬಲವೂ ತಡೆಯುವ ಬಲವೂ ಸಮವಾಗುವ ಜಾಗವೊಂದು ಬರುತ್ತದೆ. ಹೆಚ್ಚಿನ ಟೂಟೂ ತೋಟಾಗಳಿಗೆ ಅದು 16ರಿಂದ 19 ಇಂಚುಗಳ ನಡುವೆ. ಅಲ್ಲಿಂದಾಚೆಗೆ ನಳಿಗೆ ಬೆಳೆದರೆ ಗುಂಡಿಗೆ ಅದು ಬ್ರೇಕು. ಕಳೆಯುವ ವೇಗ ಅತ್ಯಲ್ಪ, ಆದರೆ ಗಳಿಕೆಯಂತೂ ಇಲ್ಲ.

ನಿಖರತೆಯ ನಂಬಿಕೆಯೂ ಇಷ್ಟೇ. ಗುಂಡು ಓಲಾಡದೆ ಹೋಗಲು ಅದು ಗಿರಗಿರನೆ ತಿರುಗುತ್ತಿರಬೇಕು. ತಿರುಗಿಸುವುದು ನಳಿಗೆಯೊಳಗೆ ಕೊರೆದ ಸುರುಳಿ ಗೀರುಗಳು. ಟೂಟೂ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು. ಸೆಕೆಂಡಿಗೆ 325 ಮೀಟರ್ ವೇಗದಲ್ಲಿ ಹೊರಬಿದ್ದ ಗುಂಡು ಸೆಕೆಂಡಿಗೆ ಸುಮಾರು 800 ಸುತ್ತು ಹಾಕುತ್ತದೆ. ಈ ಲೆಕ್ಕಕ್ಕೆ ಬೇಕಾದದ್ದು ಸುರುಳಿಯ ಬಿಗಿ ಮತ್ತು ಗುಂಡಿನ ವೇಗ, ಎರಡೇ. ಉದ್ದ ಅದರೊಳಗೆ ಬರುವುದೇ ಇಲ್ಲ.

ಬದಲಿಗೆ ಗಿಡ್ಡ ನಳಿಗೆಗೇ ಒಂದು ಅನುಕೂಲ ಇದೆ. ಗುಂಡು ಹಾರುವಾಗ ಉಕ್ಕಿನ ನಳಿಗೆ ಕಣ್ಣಿಗೆ ಕಾಣದಷ್ಟು ನಡುಗುತ್ತದೆ. ಒಂದು ತುದಿ ಬಿಗಿದ ಸರಳಿನ ಬಾಗುವಿಕೆ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಒಂದೇ ಆದರೆ 24 ಇಂಚಿನ ನಳಿಗೆಗಿಂತ 16 ಇಂಚಿನದು ಮೂರೂಕಾಲು ಪಟ್ಟಿಗೂ ಮೀರಿ ಬಿಗಿ. ಜೊತೆಗೆ ಗುಂಡು ಬೇಗ ಹೊರಬೀಳುತ್ತದೆ. ನಿಂತು ಹೊಡೆಯುವವರ ಕೈ ಅಲುಗಿ ಗುರಿ ಕೆಡಲು ಸಿಗುವ ಸಮಯವೂ ಅಷ್ಟು ಕಡಿಮೆ.

ಹಾಗಿದ್ದರೆ ಒಲಿಂಪಿಕ್ಸ್ ರೈಫಲ್‌ಗಳು ಅಷ್ಟುದ್ದ ಕಾಣುವುದೇಕೆ? ಉತ್ತರ ಕಣ್ಣಿನಲ್ಲಿದೆ. ಅಲ್ಲಿ ದೂರದರ್ಶಕಕ್ಕೆ ಅವಕಾಶವಿಲ್ಲ. ಹಿಂದಿನ ಕಿಂಡಿಯಲ್ಲಿ ಮುಂದಿನ ಬಳೆಯನ್ನೂ ಗುರಿಯನ್ನೂ ಹೊಂದಿಸಿ ನೋಡಬೇಕು. ಆ ಎರಡರ ನಡುವಿನ ಅಂತರ 50 ಸೆಂ.ಮೀ. ಎಂದಿಟ್ಟುಕೊಳ್ಳಿ. ಹೊಂದಿಕೆ ಒಂದು ಮಿ.ಮೀ.ನ ಹತ್ತನೇ ಒಂದು ಭಾಗ ತಪ್ಪಿದರೂ 50 ಮೀಟರ್ ಆಚೆ ಗುಂಡು 10 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಅಂತರ 80 ಸೆಂ.ಮೀ. ಆದರೆ ಅದೇ ತಪ್ಪಿಗೆ ತೆರುವ ದಂಡ 6 ಮಿ.ಮೀ. ಚಿಲ್ಲರೆ. ಹತ್ತು ಅಂಕದ ವೃತ್ತದ ಅಡ್ಡಗಲ 10.4 ಮಿ.ಮೀ.; 5.6 ಮಿ.ಮೀ. ಗುಂಡಿನ ಅಂಚು ಅದನ್ನು ಮುಟ್ಟಿದರೂ ಹತ್ತು ಸಿಗುತ್ತದೆ. ಅಂದರೆ ಮೊದಲನೆಯವರಿಗೆ ಒಂಬತ್ತು, ಎರಡನೆಯವರಿಗೆ ಹತ್ತು.

ಬಿಗಿಯಾದ ಗಿಡ್ಡ ನಳಿಗೆಯೂ ಬೇಕು, ಕಿಂಡಿ–ಬಳೆಗಳ ಅಂತರವೂ ಬೇಕು ಎಂದವರು ಕಂಡುಕೊಂಡ ಉಪಾಯ ಸರಳ. ನಳಿಗೆಯ ತುದಿಗೆ ಒಂದು ಟೊಳ್ಳು ಕೊಳವೆ ಸಿಕ್ಕಿಸಿ, ಮುಂದಿನ ಬಳೆಯನ್ನು ಅದರ ಮೇಲೆ ಕೂರಿಸುತ್ತಾರೆ. ಕೊಳವೆಯ ಒಳಗಲ ಗುಂಡಿಗಿಂತ ದೊಡ್ಡದು. ಗುಂಡಿಗೆ ಅದು ತಾಗುವುದೇ ಇಲ್ಲ.

ಶಬ್ದದ ಲೆಕ್ಕವನ್ನೂ ಮರೆಯುವಂತಿಲ್ಲ. ಗಿಡ್ಡ ನಳಿಗೆಯ ಬಾಯಲ್ಲಿ ಅನಿಲದ ಒತ್ತಡ ಇನ್ನೂ ಉಳಿದಿರುವುದರಿಂದ ಸದ್ದು ಕಿವಿಗೆ ಹೆಚ್ಚು ಬಡಿಯುತ್ತದೆ. ಉದ್ದ ನಳಿಗೆಯಲ್ಲಿ ಅದು ಮೆತ್ತಗಾಗುತ್ತದೆ. ಶಬ್ದದ ವೇಗವನ್ನೇ ಮೀರುವ ತೋಟಾ ಹಾಕಿದರೆ ಗಾಳಿಯಲ್ಲಿ ಏಳುವ ಚಟೀರ್ ಸದ್ದಿಗೆ ಮಾತ್ರ ನಳಿಗೆ ಹೊಣೆಯಲ್ಲ. ಸ್ಪರ್ಧಿಗಳು ಆ ವೇಗದ ಒಳಗೇ ಇರುವ ತೋಟಾ ಬಳಸುತ್ತಾರೆ. ವೇಗದ ಗುಂಡು ದಾರಿಯಲ್ಲಿ ನಿಧಾನವಾಗಿ ಶಬ್ದದ ಗೆರೆಯನ್ನು ಹಿಂದಕ್ಕೆ ದಾಟುವಾಗ ಕದಲುತ್ತದೆ ಎಂಬುದು ಇದಕ್ಕೆ ಕಾರಣ.

ಒಟ್ಟಿನಲ್ಲಿ, ದೂರದರ್ಶಕ ಕೂರಿಸಿ ಬಳಸುವವರಿಗೆ 16ರಿಂದ 18 ಇಂಚು ಧಾರಾಳ. ಹೊರಲು ಹಗುರ, ವೇಗವೂ ಪೂರ್ತಿ. ಬರಿಗಣ್ಣಿನ ಗುರಿಗಾರರಿಗೆ ಇಪ್ಪತ್ತು ಇಂಚು ದಾಟಿದ ನಳಿಗೆ ಇಲ್ಲವೇ ಟೊಳ್ಳು ಕೊಳವೆಯ ಏರ್ಪಾಡು ಒಳ್ಳೆಯದು. ಇರುವ ಉದ್ದ ನಳಿಗೆಯನ್ನು ಕತ್ತರಿಸೋಣ ಎಂದುಕೊಳ್ಳಬೇಡಿ: 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ನಳಿಗೆ ಗಿಡ್ಡ ಮಾಡುವುದು ಅಪರಾಧ. ಇನ್ನೊಂದು ಮಾತು. ಒಂದೇ ಕಂಪನಿಯ ತೋಟಾಗಳಲ್ಲೂ ಒಂದು ನಳಿಗೆಗೆ ಒಗ್ಗಿದ ಲಾಟು ಮತ್ತೊಂದಕ್ಕೆ ಒಗ್ಗುವುದಿಲ್ಲ. ದೊಡ್ಡ ಸ್ಪರ್ಧಿಗಳು ರೈಫಲ್ಲನ್ನು ತೋಟಾ ಕಾರ್ಖಾನೆಗೇ ಒಯ್ದು, ಹಿಡಿಕೆಗೆ ಬಿಗಿದು, ಲಾಟಿನ ಮೇಲೆ ಲಾಟು ಹಾರಿಸಿ ಆರಿಸಿಕೊಳ್ಳುತ್ತಾರೆ. ಇಂಚುಗಳ ಬಗ್ಗೆ ವಾದಿಸುವ ಮೊದಲು ನಾಲ್ಕು ಬಗೆಯ ತೋಟಾ ಹಾರಿಸಿ ನೋಡಿದರೆ ಗುರಿಹಲಗೆಯ ಮೇಲೆ ವ್ಯತ್ಯಾಸ ಬೇಗ ಕಾಣುತ್ತದೆ.