ಮೇಜಿನ ಮೇಲೊಂದು ಗುಡ್ಡ

ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಮಕ್ಕಳಿಗೆಂದೇ ಬಿಟ್ಟ ಒಂದು ಮೂಲೆ ಇರುತ್ತದೆ: ಪಾರ್ಕು. ಮೊಳೆತ ರಾಗಿಯೇ ಹುಲ್ಲುಗಾವಲು, ಕನ್ನಡಿ ತುಂಡೇ ಕೆರೆ. ಈ ಪಾರ್ಕಿಗೆ ಯುರೋಪಿನಲ್ಲೊಬ್ಬ ದೂರದ ನೆಂಟನಿದ್ದಾನೆ. ಪುಟ್ಟ ಸಿಪಾಯಿಗಳನ್ನು ಮೇಜಿನ ಮೇಲೆ ನಡೆಸಿ ಆಡುವ ಯುದ್ಧದಾಟಕ್ಕೆ ಬೇಕಾದ ಗುಡ್ಡ, ಹಳ್ಳ, ತೋಪು!

ಆ ಗುಡ್ಡ ಬರೀ ಅಲಂಕಾರವಲ್ಲ. ಅಳತೆಪಟ್ಟಿ ಹಿಡಿದು ಸಿಪಾಯಿಯನ್ನು ಸರಿಸಬೇಕು, ಗುಂಡು ತಾಗಿತೇ ಎಂಬುದನ್ನು ದಾಳ ಹೇಳಬೇಕು. ದಿಬ್ಬದ ಮೇಲಿದ್ದವನಿಗೆ ದೂರ ಕಾಣುತ್ತದೆ. ಗೋಡೆಯ ಮರೆಯಲ್ಲಿದ್ದವನಿಗೆ ಏಟು ತಗಲುವುದು ಕಷ್ಟ. ಬೋಳು ಮೇಜಿನ ಮೇಲೆ ಈ ಆಟ ಸಪ್ಪೆ.

ಪ್ರಷ್ಯಾದ ರೈಸ್‌ವಿಟ್ಜ್ ಎಂಬಾತ ಮೊದಲು ಮರಳಿನಲ್ಲೇ ಬೆಟ್ಟ ಕಣಿವೆ ಮಾಡಿ ಆಡಿಸುತ್ತಿದ್ದ. ರಾಜನೇ ನೋಡಬೇಕೆಂದಾಗ ಮರಳಿನ ಪೆಟ್ಟಿಗೆ ಒಯ್ಯುವುದು ಹೇಗೆ? 1812ರಲ್ಲಿ ಆತ ಅರಮನೆಗೆ ಒಪ್ಪಿಸಿದ್ದು ಒಂದು ಚೆಂದದ ಮೇಜು. ಉಬ್ಬುತಗ್ಗಿನ ನೆಲವನ್ನು ಬಣ್ಣದ ಬಿಲ್ಲೆಗಳಲ್ಲಿ ಮಾಡಿದ್ದ, ಬೇಕಾದಂತೆ ಜೋಡಿಸಬಹುದಿತ್ತು. ಮುಂದೆ 1913ರಲ್ಲಿ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಬರೆದು ಈ ಆಟವನ್ನು ಮನೆಮನೆಯ ನೆಲಕ್ಕೆ ತಂದ. ನಿಜವಾದ ಯುದ್ಧಕ್ಕಿಂತ ಇದೇ ವಾಸಿ ಎಂಬುದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು.

ಈಗಿನ ಸಿಪಾಯಿಗಳು ಹೆಚ್ಚಾಗಿ 28 ಮಿಲಿಮೀಟರ್ ಅಳತೆಯವರು, ಒಂದಂಗುಲಕ್ಕಿಂತ ತುಸು ಎತ್ತರ. ಅವರಿಗೆ ಗುಡ್ಡ ಕಟ್ಟಲು ಟಿ.ವಿ. ಡಬ್ಬದ ಥರ್ಮೋಕೋಲ್ ಸಾಕು. ಅದನ್ನು ಪದರ ಪದರವಾಗಿ ಅಂಟಿಸಿ, ಅಂಚನ್ನು ಕೈಯಿಂದಲೇ ಚಿವುಟಿ ಮುರಿಯಿರಿ. ಚಾಕುವಿನ ನೇರ ಗೆರೆ ಬಂಡೆಯಂತೆ ಕಾಣದು. ಇಳಿಜಾರು ಮಾತ್ರ ಅತಿಯಾಗಬಾರದು, ಸಿಪಾಯಿಗಳು ಜಾರುತ್ತಾರೆ. ಅಲ್ಲಲ್ಲಿ ಚಪ್ಪಟೆ ಮೆಟ್ಟಿಲು ಬಿಡಿ.

ಮೇಲೆ ನೀರು ಬೆರೆಸಿದ ಬಿಳಿ ಫೆವಿಕಾಲ್ ಬಳಿದು, ಜರಡಿ ಹಿಡಿದ ಮರಳು ಉದುರಿಸಿ. ಎಲ್ಲ ಕಡೆ ಒಂದೇ ನುಣುಪು ಬೇಡ. ಬುಡದಲ್ಲಿ ನಾಲ್ಕು ದಪ್ಪ ಹರಳು ಬಿದ್ದಿರಲಿ. ಚೆನ್ನಾಗಿ ಒಣಗಿಸಿದ ಟೀ ಚರಟ ಕಾಡಿನ ತರಗೆಲೆಯಾಗುತ್ತದೆ. ಹಳೆಯ ನಾರಿನ ಕಾಲೊರಸಿನ ತುಂಡು ಬೆಳೆದ ಗದ್ದೆಯಾಗುತ್ತದೆ. (ಅಮ್ಮನನ್ನು ಕೇಳಿಯೇ ಕತ್ತರಿಸಿ!)

ಇನ್ನು ಬಣ್ಣ. ಮೊದಲು ಎಲ್ಲಕ್ಕೂ ಗಾಢ ಕಂದು. ಒಣಗಿದ ಮೇಲೆ ತಿಳಿ ಬಣ್ಣದಲ್ಲಿ ಬ್ರಷ್ ಅದ್ದಿ, ಹಳೇ ಪೇಪರಿಗೆ ಒರೆಸಿ, ಬಣ್ಣವೇ ಇಲ್ಲವೆನ್ನುವಷ್ಟಾದಾಗ ಮೆಲ್ಲಗೆ ಸವರಿ. ಉಬ್ಬಿಗೆ ಮಾತ್ರ ಬಣ್ಣ ಹತ್ತಿ, ತಗ್ಗು ಕಪ್ಪಾಗಿಯೇ ಉಳಿಯುತ್ತದೆ. ಇಷ್ಟು ಪುಟ್ಟ ಬಂಡೆಗೆ ತಾನಾಗಿ ದಟ್ಟ ನೆರಳು ಬೀಳದು. ಅದನ್ನು ನಾವೇ ಬರೆಯುತ್ತಿದ್ದೇವೆ.

ಸ್ಪ್ರೇ ಬಣ್ಣದ ಆಸೆ ಬೇಡ. ನನ್ನ ತಂಗಿಯ ಮಗ ವಾರವಿಡೀ ಕೂತು ಮಾಡಿದ ಗುಡ್ಡಕ್ಕೆ, ಬೇಗ ಮುಗಿಯಲೆಂದು ನಾನೇ ಸ್ಪ್ರೇ ಹೊಡೆದೆ. ಅದರ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆಂದು ಗೊತ್ತಿರಲಿಲ್ಲ. ಕಣ್ಣೆದುರೇ ನೆತ್ತಿ ಕುಸಿಯಿತು. ಹುಡುಗ ಎರಡು ದಿನ ಮಾತಾಡಲಿಲ್ಲ.

ಮೂರನೆಯ ದಿನ ಹೋಗಿ ನೋಡಿದರೆ ಗುಂಡಿಯ ಅಂಚಿಗೆ ಮರಳು ಅಂಟಿಸಿ, ತಳಕ್ಕೆ ಹರಳು ಸುರಿದಿದ್ದ. “ಮಾವ, ಇದು ಕಲ್ಲು ಕ್ವಾರಿ” ಎಂದ. ಅದರೊಳಗೆ ಅಡಗಿಸಿಟ್ಟ ಮೂವರು ಸಿಪಾಯಿಗಳಿಂದ ಆ ಸಂಜೆ ನಾನು ಸೋತೆ.